ಆಟದ ಪೆಟ್ಟಿಗೆಗೆ ಜಪಾನಿನ ಪೇಟೆ ಏಕೆ ಬೇಕು?

ಯಾದಗಿರಿ, ಶಹಾಪುರ, ಸುರಪುರದ ಕಡೆಯ ರೈತ ಹತ್ತಿ, ತೊಗರಿ ಹೇರಿಕೊಂಡು ಹೊರಡುವ ಮುನ್ನ ವಿಚಾರಿಸುವುದು ಒಂದನ್ನೇ: ಯಾವ ಪೇಟೆಯಲ್ಲಿ ಖರೀದಿದಾರರು ಹೆಚ್ಚು? ಖರೀದಿದಾರ ವಿಚಾರಿಸುವುದು, ಮಾಲು ಎಲ್ಲಿ ಹೆಚ್ಚು ಬರುತ್ತದೆ ಎಂದು. ಕಳೆಗುಂದಿದ ಪೇಟೆಯತ್ತ ಇಬ್ಬರೂ ಸುಳಿಯುವುದಿಲ್ಲ.

ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆಯ, ಅಂದರೆ ಕನ್ಸೋಲ್‌ನ ವ್ಯಾಪಾರವೂ ಇದೇ ಬಗೆಯದು. ಪೆಟ್ಟಿಗೆ ಕೊಂಡವರಿದ್ದಲ್ಲಿಗೆ ಆಟ ತಯಾರಿಸುವವರು ಬರುತ್ತಾರೆ. ಒಳ್ಳೆಯ ಆಟಗಳಿದ್ದರೆ ಪೆಟ್ಟಿಗೆ ಕೊಳ್ಳುವವರು ಬರುತ್ತಾರೆ. ಈ ವ್ಯಾಪಾರದ ಹಳೆಯ ದೊಡ್ಡ ಪೇಟೆ ಜಪಾನ್.

1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸಲು ಹುಟ್ಟಿದ ಸಂಸ್ಥೆ ನಿಂಟೆಂಡೊ. ಅದು 1983ರಲ್ಲಿ ‘ಫ್ಯಾಮಿಕಾಮ್’ ಪೆಟ್ಟಿಗೆಯನ್ನು ಹೊರತಂದಿತು. ಅದೇ ವರ್ಷ ಅಮೆರಿಕದಲ್ಲಿ ಈ ವ್ಯಾಪಾರ ಕುಸಿದಿತ್ತು. ತವರಿನಲ್ಲಿ ಗೆದ್ದ ಪೆಟ್ಟಿಗೆ 1985ರಲ್ಲಿ ಅಮೆರಿಕಕ್ಕೆ ಹೊರಟಾಗ ಆಟಗಳ ಬುತ್ತಿಯೂ ಜೊತೆಗಿತ್ತು.

ಆದರೆ ಆಟ ತಯಾರಿಸುವವರು ಯಾರಿಗೂ ಕಟ್ಟುಬಿದ್ದವರಲ್ಲ. 1994ರ ಡಿಸೆಂಬರ್‌ನಲ್ಲಿ ಸೋನಿ ಸಂಸ್ಥೆ ಸಿ.ಡಿ. ಬಳಸುವ ಪ್ಲೇಸ್ಟೇಷನ್ ತಂದಿತು. ನಿಂಟೆಂಡೊ ತನ್ನ ಮುಂದಿನ ಪೆಟ್ಟಿಗೆಗೂ ದುಬಾರಿ ಕಾರ್ಟ್ರಿಜನ್ನೇ ನೆಚ್ಚಿತು. ಅದುವರೆಗೆ ನಿಂಟೆಂಡೊ ಜೊತೆಗಿದ್ದ ಸ್ಕ್ವೇರ್ ಸಂಸ್ಥೆ 1997ರಲ್ಲಿ ‘ಫೈನಲ್ ಫ್ಯಾಂಟಸಿ’ ಮಾಲಿಕೆಯ ಏಳನೆಯ ಆಟವನ್ನು ಸೋನಿಗೆ ಕೊಟ್ಟಿತು. ಜನಪ್ರಿಯ ಆಟದ ಹಿಂದೆಯೇ ಜನರೂ ಹೋದರು.

ಅಮೆರಿಕದ ಮೈಕ್ರೋಸಾಫ್ಟ್ 2002ರಲ್ಲಿ ತನ್ನ ಎಕ್ಸ್‌ಬಾಕ್ಸ್ ಹೊತ್ತು ಜಪಾನಿಗೆ ಬಂತು. ಜಗತ್ತಿನಲ್ಲಿ ಸುಮಾರು 2.4 ಕೋಟಿ ಮಾರಾಟವಾದ ಆ ಪೆಟ್ಟಿಗೆ ಜಪಾನಿನಲ್ಲಿ ಸುಮಾರು 5 ಲಕ್ಷಕ್ಕೆ ನಿಂತಿತು. ಮುಂದಿನ ‘ಎಕ್ಸ್‌ಬಾಕ್ಸ್ 360’ಕ್ಕಾಗಿ ಸಂಸ್ಥೆ ‘ಫೈನಲ್ ಫ್ಯಾಂಟಸಿ’ಯ ಜನಕ ಹಿರೊನೊಬು ಸಕಾಗುಚಿ ಅವರಿಂದಲೇ ಆಟಗಳನ್ನು ಮಾಡಿಸಿತು. ಆದರೂ ಜಗತ್ತಿನಲ್ಲಿ 8 ಕೋಟಿ ದಾಟಿದ ಪೆಟ್ಟಿಗೆ ಜಪಾನಿನಲ್ಲಿ 20 ಲಕ್ಷವನ್ನೂ ಮುಟ್ಟಲಿಲ್ಲ.

ಹಾಗಾದರೆ ಜಪಾನಿಲ್ಲದೆಯೂ ಬದುಕಬಹುದಲ್ಲವೇ? ಬದುಕಬಹುದು. ಆದರೆ ಅಲ್ಲಿ ಕೊಳ್ಳುವವರಿಲ್ಲದಿದ್ದರೆ ಅಲ್ಲಿಯ ಆಟಗಾರರನ್ನೇ ನೆಚ್ಚಿದ ತಯಾರಕ ಆ ಪೆಟ್ಟಿಗೆಗೆ ಕೈಹಾಕುವುದಿಲ್ಲ. 2009ರಲ್ಲಿ ‘ಫೈನಲ್ ಫ್ಯಾಂಟಸಿ’ಯ ಹದಿಮೂರನೆಯ ಆಟ ಜಪಾನಿನಲ್ಲಿ ಬಿಡುಗಡೆಯಾದದ್ದು ಸೋನಿಯ ಪೆಟ್ಟಿಗೆಗೆ ಮಾತ್ರ. ಎಕ್ಸ್‌ಬಾಕ್ಸ್ ಆವೃತ್ತಿ ಮರುವರ್ಷ ಮೊದಲು ಹೊರದೇಶಗಳನ್ನು ಕಂಡಿತು.

ಪೇಟೆಯೊಂದು ಗಟ್ಟಿಯಾಗಿದ್ದರೆ ಅಲ್ಲಿನ ಕಥೆಗಳೂ ಉಳಿಯುತ್ತವೆ. 16ನೇ ಶತಮಾನದ ಜಪಾನಿ ದಳಪತಿ ಒಡಾ ನೊಬುನಾಗನ ಹೆಸರಿನ ಆಟ 1983ರಲ್ಲಿ ಹುಟ್ಟಿ, ಮಾಲಿಕೆಯಾಗಿ ಬೆಳೆದು ಹೊರದೇಶಗಳಿಗೂ ಹೋಯಿತು. 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ಸುರಪುರದ ರಾಜಾ ವೆಂಕಟಪ್ಪ ನಾಯಕನ ಕಥೆಯೂ ಅಂಥ ಆಟಕ್ಕೆ ಒದಗುವಂಥದ್ದೇ. ಆದರೆ ಆಟ ತಯಾರಿಸುವವನು ಮೊದಲು ಎಣಿಸುವುದು ಆ ಭಾಷೆಯಲ್ಲಿ ಕೊಳ್ಳುವ ಕೈಗಳೆಷ್ಟು ಎಂದು; ಕಥೆ ಆಮೇಲಿನ ಮಾತು.