ಹೂ ನೋಡುವ ಹಬ್ಬದ ಚರಿತ್ರೆ

ಚೈತ್ರಮಾಸದ ಆರಂಭದಲ್ಲಿ ಜಪಾನಿನ ಜನರು ತಮ್ಮ ಕೆಲಸಕಾರ್ಯಗಳನ್ನು ಒಂದು ದಿನದ ಮಟ್ಟಿಗಾದರೂ ಬದಿಗಿಟ್ಟು, ಚಾಪೆ ಬುತ್ತಿಗಳೊಡನೆ ಹೊರಟು, ಸಕುರಾ ಮರಗಳ ಕೆಳಗೆ ಕುಳಿತು ಹೂವನ್ನು ನೋಡುವ ಪದ್ಧತಿಯೊಂದುಂಟು. ಇದಕ್ಕೆ ‘ಹನಾಮಿ’ ಎಂದು ಹೆಸರು. ‘ಹನ’ ಎಂದರೆ ಹೂ, ‘ಮಿ’ ಎಂದರೆ ನೋಟ. ಸಕುರಾ ಎಂಬುದು ಚೆರಿ ಜಾತಿಯ ಮರವೇ ಆದರೂ ಇದನ್ನು ಬೆಳೆಸುವುದು ಹಣ್ಣಿಗಾಗಿ ಅಲ್ಲ. ಹೂ ತುಂಬಿ ನಿಲ್ಲುವುದು ಸುಮಾರು ಒಂದು ವಾರ. ನಡುವೆ ಗಾಳಿಮಳೆ ಬಂದರೆ ಅಷ್ಟೂ ಇಲ್ಲ. ಮಾವಿನ ಚಿಗುರೂ ಕೋಗಿಲೆಯೂ ಇಲ್ಲದೆ ನಮ್ಮ ಕವಿಗಳ ವಸಂತವು ಹೇಗೆ ಬಾರದೋ, ಹಾಗೆಯೇ ಸಕುರಾ ಇಲ್ಲದೆ ಅಲ್ಲಿಯ ವಸಂತವಿಲ್ಲ. ಈ ಪದ್ಧತಿಯು ಅನಾದಿಯಾದುದೆಂದೂ, ಆ ಜನರ ಸ್ವಭಾವದಲ್ಲಿಯೇ ಹುಟ್ಟಿಬಂದುದೆಂದೂ ಪ್ರವಾಸಿಗಳು ಬರೆಯುವುದುಂಟು. ಚರಿತ್ರೆಯು ಹೇಳುವುದು ಬೇರೆ. ನೋಡುವ ಹೂವೂ, ನೋಡುವ ಜನರೂ, ಆ ಹೂವಿಗೆ ಕಟ್ಟಿದ ಅರ್ಥವೂ ಹಲವು ಸಲ ಬದಲಾಗಿವೆ.

ಮೊದಲು ಅರಸುಮನೆಗಳವರು ಮೆಚ್ಚಿದ ಹೂವು ಸಕುರಾ ಅಲ್ಲ, ‘ಉಮೆ’. ಇದು ಚೀನದಿಂದ ಬಂದ, ಚಳಿ ಮುಗಿಯುವ ಮೊದಲೇ ಅರಳುವ ಸುವಾಸನೆಯ ಹೂವು. ನಾರಾ ನಗರವು ರಾಜಧಾನಿಯಾಗಿದ್ದ 8ನೆಯ ಶತಮಾನದಲ್ಲಿ ಉಡಿಗೆತೊಡಿಗೆ, ಲಿಪಿ, ರಾಜನೀತಿ ಎಲ್ಲವೂ ಚೀನದ ಮಾದರಿ. ಹೂವಿನ ಅಭಿರುಚಿಯೂ ಅಲ್ಲಿಂದಲೇ ಬಂದಿತ್ತು. ಆ ಕಾಲದ ‘ಮನ್‌ಯೋಶು’ ಎಂಬ ಕವಿತಾಸಂಗ್ರಹದಲ್ಲಿ ಉಮೆಯ ಮೇಲಿನ ಪದ್ಯಗಳು ಸಕುರಾ ಪದ್ಯಗಳ ಎರಡರಷ್ಟಕ್ಕಿಂತ ಹೆಚ್ಚಾಗಿವೆ. 10ನೆಯ ಶತಮಾನದ ಆರಂಭದ ‘ಕೊಕಿನ್‌ಶು’ವಿಗೆ ಬರುವಷ್ಟರಲ್ಲಿ ಲೆಕ್ಕವು ತಲೆಕೆಳಗಾಗಿದೆ. ಕ್ಯೋಟೋ ಅರಮನೆಯ ಮುಂದೆ ಮೊದಲಿದ್ದ ಉಮೆಯ ಮರವು ಒಣಗಿಹೋಗಲು, ನಿನ್‌ಮ್ಯೋ ಚಕ್ರವರ್ತಿಯು (833–850) ಆ ಸ್ಥಳದಲ್ಲಿ ಸಕುರಾ ನೆಡಿಸಿದನೆಂದು ಹೇಳುವರು. 894ರಲ್ಲಿ ಚೀನಕ್ಕೆ ರಾಯಭಾರ ಕಳುಹಿಸುವ ಪದ್ಧತಿಯೂ ನಿಂತಿತು. ನೆರೆಯವರ ಹೂವನ್ನು ಬಿಟ್ಟು ತಮ್ಮ ಬೆಟ್ಟದ ಹೂವನ್ನು ಆರಿಸಿಕೊಂಡುದು ಕೇವಲ ಕಣ್ಣಿನ ಆಯ್ಕೆಯಾಗಿರಲಿಲ್ಲವೆಂದು ತೋರುತ್ತದೆ.

ಹನಾಮಿಯ ಔತಣವನ್ನು ಮೊದಲು ಮಾಡಿಸಿದವನು ಸಾಗ ಚಕ್ರವರ್ತಿಯೆಂದೂ, ಅದು 812ರಲ್ಲಿ ಕ್ಯೋಟೋದ ಶಿನ್‌ಸೆನ್‌ ಉದ್ಯಾನದಲ್ಲಿ ನಡೆಯಿತೆಂದೂ ದಾಖಲೆಯುಂಟು. ಆದರೆ ಅರಮನೆಯವರು ಬರೆದಿಟ್ಟರು, ರೈತರು ಬರೆದಿಡಲಿಲ್ಲ; ಆದುದರಿಂದ ಮೊದಲಿಗರು ಯಾರೆಂಬುದನ್ನು ದಾಖಲೆಯಿಂದ ಮಾತ್ರ ನಿರ್ಣಯಿಸಲಾಗದು. ‘ಸ’ ಎಂದರೆ ಗದ್ದೆಯ ದೇವತೆ, ‘ಕುರಾ’ ಎಂದರೆ ಪೀಠ, ಬಿತ್ತನೆಯ ಕಾಲದಲ್ಲಿ ದೇವತೆ ಬಂದು ಕೂಡುವ ಮರವೇ ಸಕುರಾ ಎಂದು ಕೆಲವು ವಿದ್ವಾಂಸರು ಊಹಿಸಿರುವರು. ಊಹೆ ರಮ್ಯವಾಗಿದೆ, ನಿರ್ವಿವಾದವಲ್ಲ. ಹಳ್ಳಿಗರ ಹನಾಮಿಗೆ ಗಟ್ಟಿಯಾದ ಸಾಕ್ಷ್ಯ ದೊರೆಯುವುದು 14ನೆಯ ಶತಮಾನದ ಕೆಂಕೋ ಎಂಬ ಸಂನ್ಯಾಸಿಯ ಪ್ರಬಂಧಗಳಲ್ಲಿ, ಅದೂ ದೂರಿನ ರೂಪದಲ್ಲಿ: ನಾಡಿಗರು ಮರಕ್ಕೆ ಮೈತಾಗಿಸಿ ನಿಲ್ಲುವರು, ಕುಡಿಯುವರು, ಕೊನೆಗೆ ಕೊಂಬೆಯನ್ನೇ ಮುರಿದುಕೊಳ್ಳುವರು ಎಂದು ಆತನಿಗೆ ಬೇಸರ. ಜನಸಾಮಾನ್ಯರ ಸಂತೋಷಗಳ ವಿಷಯವು ಎಷ್ಟೋ ಸಲ ಬಲ್ಲವರ ಆಕ್ಷೇಪಣೆಯಿಂದಲೇ ನಮಗೆ ತಿಳಿಯಬೇಕಾಗಿದೆ.

ಹೂವನ್ನು ವೈಭವದ ಪ್ರದರ್ಶನವಾಗಿ ಮಾಡಿದವನು ಟೊಯೊಟೊಮಿ ಹಿದೆಯೋಷಿ. ಬಡವರ ಮನೆಯಲ್ಲಿ ಹುಟ್ಟಿ ಜಪಾನಿನ ಸರ್ವಾಧಿಕಾರಿಯಾದ ಈತನು 1594ರಲ್ಲಿ ಸುಮಾರು 5,000 ಮಂದಿಯೊಡನೆ ಯೋಷಿನೋ ಬೆಟ್ಟಕ್ಕೆ ಹೂ ನೋಡಲು ಹೋದನು. ಮೂರು ದಿನ ಎಡೆಬಿಡದೆ ಮಳೆ ಸುರಿಯಿತು. ನಾಳೆಯೂ ನಿಲ್ಲದಿದ್ದರೆ ಬೆಟ್ಟಕ್ಕೆ ಬೆಂಕಿ ಹಚ್ಚಿಸುವೆನೆಂದು ಅಲ್ಲಿಯ ಸಂನ್ಯಾಸಿಗಳನ್ನು ಆತನು ಬೆದರಿಸಿದನೆಂದು ಐತಿಹ್ಯ. 1598ರ ವಸಂತದಲ್ಲಿ ಕ್ಯೋಟೋದ ಆಗ್ನೇಯಕ್ಕಿರುವ ದೈಗೋ ದೇವಾಲಯದಲ್ಲಿ ಮಾಡಿಸಿದ ಉತ್ಸವವು ಇನ್ನೂ ಪ್ರಸಿದ್ಧವಾದುದು. ಸುತ್ತಣ ಸೀಮೆಗಳಿಂದ 700 ಮರಗಳನ್ನು ತರಿಸಿ ನೆಡಿಸಿದನು. ಬಂದವರು ಸುಮಾರು 1,300 ಮಂದಿ, ಬಹುಪಾಲು ಸ್ತ್ರೀಯರು. ದಿನದಲ್ಲಿ ಎರಡು ಸಲ ಬದಲಾಯಿಸಲು ಅವರಿಗೆ ಉಡುಪುಗಳನ್ನು ಕೊಡಿಸಿದ್ದನು. ಆ ದಿನ ಹಾಡಿದ ಪದ್ಯಗಳ ಓಲೆಗಳು ದೇವಾಲಯದಲ್ಲಿ ಇಂದಿಗೂ ಇವೆ. ಅದೇ ಸಮಯದಲ್ಲಿ ಆತನ ಸೈನ್ಯಗಳು ಕೊರಿಯದಲ್ಲಿ ಊರುಗಳನ್ನು ಹಾಳುಮಾಡುತ್ತಿದ್ದವು. ಹೂವಿನ ಚರಿತ್ರೆ ಬರೆಯುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುವರು. ಐದು ತಿಂಗಳೊಳಗೆ ಹಿದೆಯೋಷಿಯು ತೀರಿಕೊಂಡನು. ಆ ಬಳಿಕ ಸೈನ್ಯಗಳು ಹಿಂದಕ್ಕೆ ಬಂದವು.

ಇದಕ್ಕೆ ಪ್ರತಿಯಾಗಿ ನಿಲ್ಲತಕ್ಕವನು ಎಂಟನೆಯ ಶೋಗುನ್‌ ತೊಕುಗಾವ ಯೋಷಿಮುನೆ (1716–1745). ಮಿತವ್ಯಯವನ್ನು ವ್ರತದಂತೆ ಹಿಡಿದ ಈತನು ಹೂವಿನ ವಿಷಯದಲ್ಲಿ ಉದಾರಿಯಾದನು. ಈಗಿನ ಟೋಕಿಯೋ ಆಗ ಎದೋ ಎಂಬ ಹೆಸರಿನ ನಗರ. ಅಲ್ಲಿ ಸಕುರಾಕ್ಕೆ ಪ್ರಸಿದ್ಧವಾಗಿದ್ದುದು ಉಎನೋ ದೇವಾಲಯದ ಆವರಣ. ಆದರೆ ಅಲ್ಲಿ ಹಾಡು ಕೂಡದು, ಮದ್ಯ ಕೂಡದು, ಸಂಜೆಯಾದೊಡನೆ ಹೊರಡಬೇಕು. ಯೋಷಿಮುನೆಯು 1720–21ರಲ್ಲಿ ಅಸುಕಾಯಾಮ ಗುಡ್ಡದ ಮೇಲೆ 1,270 ಸಕುರಾ ಸಸಿಗಳನ್ನು ನೆಡಿಸಿ, ಬಳಿಕ ಆ ಸ್ಥಳವನ್ನು ಎಲ್ಲರಿಗೂ ತೆರೆದನು. ಸುಮಿದಾ ನದಿಯ ದಂಡೆಯ ಮೇಲೂ ನೆಡಿಸಿದನು. ಜನರು ಓಡಾಡಿದಷ್ಟೂ ನದಿಯ ಏರಿ ಗಟ್ಟಿಯಾಗುವುದೆಂಬ ಲೆಕ್ಕವೂ ಅದರಲ್ಲಿತ್ತೆಂದು ಹೇಳುವರು. ಹಾಗಿದ್ದರೆ ಅದು ಜಾಣ ಲೆಕ್ಕವೇ ಸರಿ. ಅದೇ ದಂಡೆಯ ದೇವಾಲಯವೊಂದರ ಬಾಗಿಲು ಕಾಯುವವನು ಉದುರಿದ ಸಕುರಾ ಎಲೆಗಳನ್ನು ಗುಡಿಸಿ ಗುಡಿಸಿ ಬೇಸತ್ತು, ಅವನ್ನು ಉಪ್ಪಿನಲ್ಲಿ ಹಾಕಿ, ಸಿಹಿ ಹೂರಣದ ತಿನಿಸಿಗೆ ಸುತ್ತಿ ಮಾರಿದನೆಂದು ಪ್ರತೀತಿ. ಅರಿಸಿನದ ಎಲೆಯಲ್ಲಿ ಕಡುಬು ಬೇಯಿಸುವ ನಮ್ಮ ಕರಾವಳಿಯ ಗೃಹಿಣಿಯರಿಗೆ ಈ ಯುಕ್ತಿ ವಿಚಿತ್ರವೆನಿಸದು. ಆ ತಿನಿಸು ಇಂದಿಗೂ ವಸಂತದಲ್ಲಿ ಮಾರಾಟವಾಗುತ್ತಿದೆ.

ಬಡವರು ಹೇಗೆ ಹೋದರೆಂಬುದನ್ನು ಹಾಸ್ಯಕಥೆಗಾರರ ಕಥೆಯೊಂದು ತಿಳಿಸುತ್ತದೆ. ಬಾಡಿಗೆ ಮನೆಗಳ ಸಾಲಿನ ಬಡ ಒಕ್ಕಲುಗಳು ಮನೆಯ ಯಜಮಾನನೊಡನೆ ಹನಾಮಿಗೆ ಹೊರಡುವರು. ಅವರ ಪಾತ್ರೆಯಲ್ಲಿ ಮದ್ಯದ ಬದಲು ನೀರು ಬೆರೆಸಿದ ಚಹ. ಮೀನಿನ ಭಕ್ಷ್ಯದ ಬದಲು ಮೂಲಂಗಿಯ ಹೋಳು. ಮೊಟ್ಟೆಯ ಭಕ್ಷ್ಯದ ಬದಲು ಹಳದಿ ಉಪ್ಪಿನಕಾಯಿ. ಅಮಲೇರಿದಂತೆ ನಟಿಸಬೇಕೆಂದು ಯಜಮಾನನ ಅಪ್ಪಣೆ. ಹಿದೆಯೋಷಿಯ 700 ಮರಗಳಿಗಿಂತ ಈ ಮೂಲಂಗಿಯ ಬುತ್ತಿಯೇ ಹನಾಮಿಯ ನಿಜವಾದ ಇತಿಹಾಸವೆಂದು ನಮಗೆ ತೋರುತ್ತದೆ.

ಇನ್ನು ಮರದ ವಿಷಯ. ಸಾಗ ಚಕ್ರವರ್ತಿಯ ಕಾಲದಿಂದ ಯೋಷಿಮುನೆಯ ಕಾಲದವರೆಗೆ ಜನರು ನೋಡಿದುದು ಮುಖ್ಯವಾಗಿ ‘ಯಾಮಾಝಕುರಾ’, ಅಂದರೆ ಬೆಟ್ಟದ ಸಕುರಾ. ಹೂವಿನೊಡನೆಯೇ ಅದರ ಕೆಂಪು ಚಿಗುರು ಮೂಡುವುದು. ಒಂದು ಮರ ಅರಳಿದಾಗ ನೆರೆಯ ಮರ ಇನ್ನೂ ಮೊಗ್ಗಾಗಿರುವುದು. ಇಂದು ಎಲ್ಲೆಡೆ ಕಾಣುವ ‘ಸೊಮೆಇ ಯೋಷಿನೋ’ ಎಂಬ ಜಾತಿಯು ಎದೋ ಬಳಿಯ ಸೊಮೆಇ ಹಳ್ಳಿಯ ತೋಟಗಾರರು 19ನೆಯ ಶತಮಾನದಲ್ಲಿ ಬಳಕೆಗೆ ತಂದುದು. ಅದಕ್ಕೆ ಆ ಹೆಸರು ಬಂದುದು 1900ರಲ್ಲಿ. ಎಲೆ ಮೂಡುವ ಮೊದಲೇ ಮರವೆಲ್ಲ ಹೂವಾಗುವುದು. ಬೀಜದಿಂದ ಇದೇ ಮರ ಹುಟ್ಟದು, ಕಸಿ ಕಟ್ಟಬೇಕು. ದೇಶದ ತುಂಬ ಇರುವ ಈ ಮರಗಳೆಲ್ಲವೂ ಒಂದೇ ಮೂಲವೃಕ್ಷದ ಕೊಂಬೆಗಳೆಂದು 1995ರ ತಳಿಶಾಸ್ತ್ರ ಪರೀಕ್ಷೆಯಿಂದ ತಿಳಿದುಬಂದಿತು. ಆದುದರಿಂದಲೇ ಒಂದು ಊರಿನ ಮರಗಳೆಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಉದುರುವುವು.

ಹೀಗೆ ಒಟ್ಟಿಗೆ ಉದುರುವ ಹೂವು ಸೈನ್ಯದ ಕಣ್ಣಿಗೆ ಬಿದ್ದಿತು. ಮೇಜಿ ಕಾಲದಿಂದ ಸೈನ್ಯದ ಠಾಣೆಗಳಲ್ಲಿಯೂ, ಯುದ್ಧದಲ್ಲಿ ಮಡಿದವರ ಯಾಸುಕುನಿ ದೇವಾಲಯದಲ್ಲಿಯೂ ಸಕುರಾ ನೆಟ್ಟರು. ಹೂವಿನಂತೆ ಉದುರುವುದೇ ಯೋಧನ ಧರ್ಮವೆಂದು ಶಾಲೆಗಳಲ್ಲಿ ಕಲಿಸಿದರು. ಮೊತೊಓರಿ ನೊರಿನಾಗ (1730–1801) ಎಂಬ ವಿದ್ವಾಂಸನು ಬೆಟ್ಟದ ಸಕುರಾ ಕುರಿತು ಒಂದು ಪದ್ಯ ಬರೆದಿದ್ದನು. ತನ್ನ ಸಮಾಧಿಯ ಬಳಿ ಅದೇ ಮರವನ್ನು ನೆಡಬೇಕೆಂದು ಕೇಳಿಕೊಂಡವನು ಆತ. ಪದ್ಯದಲ್ಲಿ ಯುದ್ಧದ ಮಾತಿಲ್ಲ. ಆತನು ಸತ್ತ 143 ವರ್ಷಗಳ ಮೇಲೆ, 1944ರ ಅಕ್ಟೋಬರಿನಲ್ಲಿ, ಮರಳಿ ಬಾರದ ವೈಮಾನಿಕರ ಮೊದಲ ನಾಲ್ಕು ದಳಗಳಿಗೆ ಆ ಪದ್ಯದ ಪದಗಳನ್ನೇ ಹೆಸರಾಗಿಟ್ಟರು. ಒಳಗೆ ಚಾಲಕನನ್ನು ಕೂರಿಸಿ ಹಾರಿಸುವ ಸಿಡಿಗುಂಡಿಗೆ ‘ಓಕಾ’, ಸಕುರಾ ಹೂವು, ಎಂದು ಹೆಸರು. 1945ರ ಏಪ್ರಿಲಿನಲ್ಲಿ ಚಿರಾನ್‌ ವಿಮಾನನೆಲೆಯಿಂದ ಹೊರಟ ತರುಣರನ್ನು ಶಾಲೆಯ ಹುಡುಗಿಯರು ಹೂಬಿಟ್ಟ ಕೊಂಬೆಗಳನ್ನು ಬೀಸಿ ಕಳುಹಿಸಿಕೊಟ್ಟ ಭಾವಚಿತ್ರವುಂಟು. ವಿಶ್ವವಿದ್ಯಾಲಯಗಳಿಂದ ಸೈನ್ಯಕ್ಕೆ ಸೇರಿಸಲ್ಪಟ್ಟ ಇಂಥ ತರುಣರ ದಿನಚರಿಗಳನ್ನು ಎಮಿಕೊ ಓನುಕಿ-ಟೀರ್ನಿ ಎಂಬ ವಿದುಷಿಯು 2002ರ ತನ್ನ ಗ್ರಂಥದಲ್ಲಿ ಪರಿಶೀಲಿಸಿರುವಳು. ಅವುಗಳಲ್ಲಿ ನಿಶ್ಚಯಕ್ಕಿಂತ ಸಂಕಟವೇ ಹೆಚ್ಚು.

ಆ ಯಾಸುಕುನಿ ಆವರಣದಲ್ಲಿ ಇಂದು ಹವಾಮಾನ ಇಲಾಖೆಯವರು ಗುರುತಿಸಿಟ್ಟ ಒಂದು ಸಕುರಾ ಮರವಿದೆ. ಅದರಲ್ಲಿ ಐದಾರು ಹೂ ಅರಳಿದೊಡನೆ ಟೋಕಿಯೋದಲ್ಲಿ ಹೂವಿನ ಕಾಲ ಬಂದಿತೆಂದು ಸಾರುವರು. ಜನರು ಬುತ್ತಿ ಕಟ್ಟಲು ತೊಡಗುವರು. ಕ್ಯೋಟೋದ ಲೆಕ್ಕವು ಇದಕ್ಕಿಂತ ಬಹಳ ಹಳೆಯದು. ಅರಮನೆಯ ಔತಣ ಯಾವ ದಿನ ನಡೆಯಿತು, ಯಾರು ಬಂದರು ಎಂದು ಆಸ್ಥಾನಿಕರೂ ಸಂನ್ಯಾಸಿಗಳೂ ತಮ್ಮ ದಿನಚರಿಗಳಲ್ಲಿ ಬರೆದಿಟ್ಟುದನ್ನು ಯಾಸುಯುಕಿ ಅಓನೊ ಎಂಬ ವಿಜ್ಞಾನಿಯು ಹುಡುಕಿ ಜೋಡಿಸಿದನು. 812ರಿಂದ ಮೊದಲಾಗುವ ಆ ಪಟ್ಟಿಯಲ್ಲಿ ಹೂವು ಅತಿ ಬೇಗ ತುಂಬಿ ಅರಳಿದ ವರ್ಷವು ಬಹುಕಾಲ 1409 ಆಗಿತ್ತು. ದಿನ ಮಾರ್ಚ್‌ 27. ನಗರವೂ ಭೂಮಿಯೂ ಬಿಸಿಯೇರುತ್ತ ಬಂದು, 2021ರಲ್ಲಿ ಅದು ಮಾರ್ಚ್‌ 26ಕ್ಕೆ ಬಂದಿತು.