ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಮಿದುಳಿನ ಚಲನಾ ನರಮಾರ್ಗಗಳ ಬೆಳವಣಿಗೆ

ಮಿದುಳಿನ ಚಲನಾ ನರಮಾರ್ಗಗಳು ಎಂದರೆ ಕೈ, ಕಾಲು, ಮುಂಡ, ನಾಲಿಗೆ ಮೊದಲಾದ ಅಂಗಗಳ ಸ್ನಾಯುಗಳಿಗೆ ಮಿದುಳಿನ ಆಜ್ಞೆಯನ್ನು ಒಯ್ಯುವ ನರತಂತುಗಳ ಕಟ್ಟುಗಳು. ಇವು ಇನ್ನೂ ರೂಪುಗೊಳ್ಳುತ್ತಿರುವಾಗಲೇ, ಅಂದರೆ ಗರ್ಭದಲ್ಲಿ, ಹೆರಿಗೆಯ ವೇಳೆಯಲ್ಲಿ ಅಥವಾ ಶೈಶವದಲ್ಲಿ, ಮಿದುಳಿಗೆ ಹಾನಿಯಾದರೆ ಚಲನೆ ಮತ್ತು ದೇಹಭಂಗಿಯ ಶಾಶ್ವತ ತೊಂದರೆಗಳು ಉಂಟಾಗುತ್ತವೆ. ಈ ತೊಂದರೆಗಳ ಸಮೂಹಕ್ಕೆ ಸೆರೆಬ್ರಲ್ ಪಾಲ್ಸಿ ಎಂದು ಹೆಸರು. ಭಾರತದಲ್ಲಿ ಸಾವಿರ ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಇದು ಇದೆಯೆಂದು ಅಂದಾಜಿಸಲಾಗಿದೆ. ಮಿದುಳಿಗೆ ಒಮ್ಮೆ ಆದ ಗಾಯ ಮುಂದೆ ಹೆಚ್ಚುವುದಿಲ್ಲ. ಆದರೆ ಗಾಯಗೊಂಡ ಮಿದುಳು ಬೆಳೆಯುವುದನ್ನೂ ನಿಲ್ಲಿಸುವುದಿಲ್ಲ. ಆ ಬೆಳವಣಿಗೆ ಯಾವ ದಿಕ್ಕು ಹಿಡಿಯುತ್ತದೆ ಎಂಬುದು ಮಗುವಿನ ಮೊದಲ ಎರಡು ವರ್ಷಗಳಲ್ಲಿ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಹೆಸರು ಮತ್ತು ಇತಿಹಾಸ

ಕನ್ನಡದಲ್ಲಿ ಇದನ್ನು 'ಮೆದುಳಿನ ಪಾರ್ಶ್ವವಾಯು' ಎಂದು ಕರೆಯುವುದುಂಟು. ಈ ಹೆಸರು ಅಷ್ಟು ಸಮರ್ಪಕವಲ್ಲ. ಪಾರ್ಶ್ವವಾಯು ಅಥವಾ ಆಡುಮಾತಿನ 'ಲಕ್ವಾ' ಎಂದೊಡನೆ ವಯಸ್ಸಾದವರಿಗೆ ದೇಹದ ಒಂದು ಬದಿಗೆ ಬರುವ ಕಾಯಿಲೆ ನೆನಪಾಗುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಾದರೋ ಎರಡು ಕಾಲು, ನಾಲ್ಕೂ ಅಂಗ ಅಥವಾ ಇಡೀ ದೇಹದ ಹತೋಟಿ ತಪ್ಪಿರಬಹುದು. ಪೋಲಿಯೊದೊಂದಿಗೂ ಇದನ್ನು ಗೊಂದಲ ಮಾಡಿಕೊಳ್ಳುವುದುಂಟು. ಪೋಲಿಯೊ ಬೆನ್ನುಹುರಿಯ ಚಲನಾ ಕೋಶಗಳನ್ನು ನಾಶಮಾಡುವುದರಿಂದ ಅಂಗ ಜೋಲು ಬೀಳುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಬೆನ್ನುಹುರಿಯ ಕೋಶಗಳು ಉಳಿದಿದ್ದು ಮೇಲಿನಿಂದ ಬರುವ ಹತೋಟಿ ಕೆಡುವುದರಿಂದ ಅಂಗ ಹೆಚ್ಚಾಗಿ ಬಿಗಿಯುತ್ತದೆ. ಭಾರತ ಪೋಲಿಯೊಮುಕ್ತವೆಂದು 2014ರಲ್ಲಿ ದೃಢೀಕೃತವಾದ ಬಳಿಕವೂ ಬಿಗಿದ ಕಾಲಿನ ಮಗುವನ್ನು ಪೋಲಿಯೊ ಪೀಡಿತವೆಂದು ಭಾವಿಸುವುದು ಸರಿಯಲ್ಲ.

ಇಂಗ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟಲ್ 1840ರ ದಶಕದಲ್ಲಿ ಈ ಸ್ಥಿತಿಯನ್ನು ವಿವರಿಸಿ, 1861ರ ಪ್ರಬಂಧದಲ್ಲಿ ಕಷ್ಟದ ಹೆರಿಗೆಯೊಂದಿಗೆ ಅದಕ್ಕಿರುವ ಸಂಬಂಧವನ್ನು ಮುಂದಿಟ್ಟನು. ಮನೋವಿಶ್ಲೇಷಣೆಗೆ ಹೆಸರಾಗುವ ಮೊದಲು ನರವೈದ್ಯನಾಗಿದ್ದ ಸಿಗ್ಮಂಡ್ ಫ್ರಾಯ್ಡ್ 1897ರ ತನ್ನ ಗ್ರಂಥದಲ್ಲಿ ಬೇರೆ ಮಾತು ಹೇಳಿದನು: ಗರ್ಭದಲ್ಲಿಯೇ ಏನೋ ಕೆಟ್ಟಿದ್ದರೆ ಹೆರಿಗೆಯ ಕಷ್ಟವೂ ಅದರ ಪರಿಣಾಮವಾಗಿರಬಹುದು. ಹೆರಿಗೆಯ ವೇಳೆಯ ಉಸಿರುಗಟ್ಟುವಿಕೆ ಒಟ್ಟು ಪ್ರಕರಣಗಳ ಒಂದು ಭಾಗಕ್ಕೆ ಮಾತ್ರ ಕಾರಣವೆಂದು ಇಪ್ಪತ್ತನೆಯ ಶತಮಾನದ ಕೊನೆಯ ಅಧ್ಯಯನಗಳು ತೋರಿಸಿದ ಮೇಲೆ ಫ್ರಾಯ್ಡ್‌ನ ಮಾತಿಗೆ ತೂಕ ಬಂದಿತು. ಹೆರಿಗೆ ಮಾಡಿಸಿದವರನ್ನೋ ತಾಯಿಯನ್ನೋ ದೂರುವ ಮುನ್ನ ಈ ಸಂಗತಿಯನ್ನು ನೆನೆಯಬೇಕು.

ಸಹಜ ಬೆಳವಣಿಗೆ

ಚಲನಾ ಮಾರ್ಗಗಳಲ್ಲಿ ಮುಖ್ಯವಾದುದು ಕಾರ್ಟಿಕೋಸ್ಪೈನಲ್ ಮಾರ್ಗ. ಮಿದುಳಿನ ಹೊರಪದರದಲ್ಲಿರುವ ನರಕೋಶಗಳಿಂದ ಹೊರಡುವ ಇದರ ತಂತುಗಳು ಮಿದುಳಿನ ಆಳದ ಬಿಳಿದ್ರವ್ಯವನ್ನು ಹಾದು, ಮಿದುಳಕಾಂಡದ ಕೆಳತುದಿಯಲ್ಲಿ ಬಹುಪಾಲು ಎದುರು ಬದಿಗೆ ದಾಟಿ, ಬೆನ್ನುಹುರಿಗೆ ಇಳಿಯುತ್ತವೆ. ಬಲಗೈಯನ್ನು ಎಡ ಮಿದುಳು ಆಳುವುದು ಈ ದಾಟುವಿಕೆಯಿಂದ.

ಗರ್ಭದ 24ನೆಯ ವಾರದ ಹೊತ್ತಿಗೆ ಈ ತಂತುಗಳು ಕುತ್ತಿಗೆಯ ಭಾಗದ ಬೆನ್ನುಹುರಿಯನ್ನು ತಲುಪಿರುತ್ತವೆ. ಆದರೆ ತಲುಪಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹುಟ್ಟಿದ ಮಗುವಿನಲ್ಲಿ ಪ್ರತಿಯೊಂದು ಕೈಗೂ ಎರಡೂ ಬದಿಯ ಮಿದುಳಿನಿಂದ ಸಂಪರ್ಕವಿರುತ್ತದೆ. ಮೊದಲ ಎರಡು ವರ್ಷಗಳಲ್ಲಿ ಈ ಎರಡರ ನಡುವೆ ಒಂದು ಬಗೆಯ ಪೈಪೋಟಿ ನಡೆಯುತ್ತದೆ. ಹೆಚ್ಚು ಬಳಕೆಯಾದ ತಂತು ಬೇರೂರುತ್ತದೆ. ಬಳಕೆಯಾಗದ್ದು ಹಿಂದೆ ಸರಿಯುತ್ತದೆ. ಕೊನೆಗೆ ಎದುರು ಬದಿಯಿಂದ ಬಂದ ಮಾರ್ಗ ಗಟ್ಟಿಯಾಗಿ ಉಳಿದು, ಅದೇ ಬದಿಯ ಮಾರ್ಗ ತೆಳುವಾಗುತ್ತದೆ. ಇದರ ಜೊತೆಗೆ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕೂಡಿಕೊಂಡು ಸಂದೇಶದ ವೇಗ ಹೆಚ್ಚುತ್ತದೆ. ಮಗು ಗೋಣು ನಿಲ್ಲಿಸುವುದು, ಬೋರಲು ಬೀಳುವುದು, ಕೂರುವುದು, ಅಂಬೆಗಾಲಿಡುವುದು, ಎರಡು ಬೆರಳಲ್ಲಿ ಕಾಳು ಹೆಕ್ಕುವುದು ಇವೆಲ್ಲ ಈ ಒಳಗೆಲಸದ ಹೊರಗುರುತುಗಳು.

ಹಾನಿಯ ಕಾಲ ಮತ್ತು ಸ್ಥಳ

ಹಾನಿ ಯಾವಾಗ ಆಯಿತು ಎಂಬುದರ ಮೇಲೆ ಅದು ಎಲ್ಲಿ ಆಗುತ್ತದೆ ಎಂಬುದು ನಿಂತಿದೆ. ಗರ್ಭದ ಮೊದಲ ತಿಂಗಳುಗಳಲ್ಲಾದರೆ ಮಿದುಳಿನ ರಚನೆಯೇ ವ್ಯತ್ಯಾಸಗೊಳ್ಳಬಹುದು. ಸುಮಾರು 24ರಿಂದ 34ನೆಯ ವಾರದ ನಡುವೆ, ಮಿದುಳಿನೊಳಗಿನ ದ್ರವ ತುಂಬಿದ ಕುಹರಗಳ ಸುತ್ತಲಿನ ಬಿಳಿದ್ರವ್ಯ ಅತಿ ಸೂಕ್ಷ್ಮವಾಗಿರುತ್ತದೆ. ಮಯಲಿನ್ ತಯಾರಿಸಬೇಕಾದ ಎಳೆಯ ಕೋಶಗಳು ಆಮ್ಲಜನಕದ ಕೊರತೆ ಮತ್ತು ಸೋಂಕಿಗೆ ಬೇಗ ಬಲಿಯಾಗುತ್ತವೆ. ಕಾಲುಗಳಿಗೆ ಹೋಗುವ ತಂತುಗಳು ಕುಹರದ ಅತಿ ಸಮೀಪದಲ್ಲಿ ಹಾಯುತ್ತವೆ. ಆದುದರಿಂದ ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಕೈಗಿಂತ ಕಾಲುಗಳಲ್ಲಿ ಬಿಗಿತ ಹೆಚ್ಚು, ಇದು ಡೈಪ್ಲೀಜಿಯ. ತುಂಬು ತಿಂಗಳ ಶಿಶುವಿಗೆ ತೀವ್ರ ಉಸಿರುಗಟ್ಟುವಿಕೆಯಾದರೆ ಮಿದುಳಿನ ಆಳದ ಗಂಟುಗಳು ಮತ್ತು ಹೊರಪದರ ಕೆಡುತ್ತವೆ. ನವಜಾತ ಶಿಶುವಿನ ಕಾಮಾಲೆ ವಿಪರೀತಕ್ಕೇರಿದರೆ ಅದೇ ಆಳದ ಗಂಟುಗಳಿಗೆ ಪೆಟ್ಟು ಬಿದ್ದು, ಬಿಗಿತಕ್ಕಿಂತ ಅನೈಚ್ಛಿಕ ತಿರುಚುವಿಕೆ ಮುಖ್ಯವಾಗುತ್ತದೆ. ಕಾಮಾಲೆಯನ್ನು ಸಕಾಲದಲ್ಲಿ ಬೆಳಕಿನ ಚಿಕಿತ್ಸೆಯಿಂದ ಇಳಿಸಬಹುದಾದ್ದರಿಂದ ಈ ಬಗೆ ಬಹುಪಾಲು ತಡೆಯಬಹುದಾದದ್ದು.

ಹಾನಿಯ ನಂತರದ ಮರುಜೋಡಣೆ

ಮಿದುಳಿನ ಒಂದು ಬದಿಗೆ ಹಾನಿಯಾದಾಗ ಮೇಲೆ ಹೇಳಿದ ಪೈಪೋಟಿ ಏರುಪೇರಾಗುತ್ತದೆ. ಗಾಯಗೊಂಡ ಬದಿಯಿಂದ ಬರುವ ಸಂದೇಶ ಕ್ಷೀಣವಾಗಿರುವುದರಿಂದ ಅದರ ಅಳಿದುಳಿದ ತಂತುಗಳೂ ನೆಲೆ ಕಳೆದುಕೊಳ್ಳುತ್ತವೆ. ಆರೋಗ್ಯವಾಗಿರುವ ಬದಿಯ ತಂತುಗಳು ಎರಡೂ ಕೈಗಳನ್ನು ವಶಪಡಿಸಿಕೊಳ್ಳುತ್ತವೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜ್ಯಾನೆಟ್ ಐರ್ ಮತ್ತು ಸಂಗಡಿಗರು ಕಾಂತೀಯ ಪ್ರಚೋದನೆಯ ಮೂಲಕ ಮಕ್ಕಳಲ್ಲಿ ಇದನ್ನು ಹಂತಹಂತವಾಗಿ ಗುರುತಿಸಿದರು. ಒಂದು ಕೈ ಮುಚ್ಚಿದರೆ ಇನ್ನೊಂದು ಕೈಯೂ ತಾನಾಗಿ ಮುಚ್ಚುವ 'ಕನ್ನಡಿ ಚಲನೆ' ಇಂಥ ಮಕ್ಕಳಲ್ಲಿ ಕಾಣುವುದಕ್ಕೆ ಇದೂ ಒಂದು ಕಾರಣ. ಹುಟ್ಟಿದ ಹೊಸತರಲ್ಲಿ ತೊಂದರೆ ಕಾಣದೆ ತಿಂಗಳುಗಳು ಕಳೆದಂತೆ ಕೈಯ ದೌರ್ಬಲ್ಯ ಬಯಲಾಗುವುದೂ ಇದರಿಂದ ಅರ್ಥವಾಗುತ್ತದೆ.

ಅಮೆರಿಕದ ಜಾನ್ ಮಾರ್ಟಿನ್ ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಮಿದುಳಿನ ಒಂದು ಬದಿಯ ಚಟುವಟಿಕೆಯನ್ನು ಎಳವೆಯಲ್ಲಿ ಕೆಲ ವಾರ ತಡೆದರೆ ಸಾಕು, ಅದರ ಮಾರ್ಗ ಹದಗೆಟ್ಟಿತು. ದುರ್ಬಲವಾದ ಕಾಲನ್ನು ಬೇಗನೆ ಅಭ್ಯಾಸಕ್ಕೆ ಹಚ್ಚಿದಾಗ ಸಂಪರ್ಕ ಮತ್ತು ಕೌಶಲ ಮರಳಿದವು. ತಡವಾಗಿ ಹಚ್ಚಿದಾಗ ಅಷ್ಟು ಫಲ ಸಿಗಲಿಲ್ಲ.

ಗುರುತಿಸುವುದು

'ಕೆಲವು ಮಕ್ಕಳು ತಡವಾಗಿ ನಡೆಯುತ್ತಾರೆ, ಕಾಯಿರಿ' ಎಂಬ ಸಲಹೆ ಹಳ್ಳಿಗಳಲ್ಲಿ ಸಾಮಾನ್ಯ. ಈ ಕಾಯುವಿಕೆಯಲ್ಲೇ ಬೆಲೆಬಾಳುವ ಕಾಲ ಕಳೆದುಹೋಗುತ್ತದೆ. ಆರೋಗ್ಯವಂತ ಶಿಶುಗಳಲ್ಲಿ 3ರಿಂದ 5 ತಿಂಗಳ ನಡುವೆ ದೇಹವೆಲ್ಲ ಮೆಲ್ಲಗೆ ಮಿಡುಕುವ ಒಂದು ವಿಶಿಷ್ಟ ಚಲನೆ ಇರುತ್ತದೆ. ಅದರ ಅಭಾವವನ್ನು ತರಬೇತಿ ಪಡೆದವರು ವಿಡಿಯೊ ನೋಡಿಯೇ ಗುರುತಿಸಬಲ್ಲರು. ಮನೆಯವರೇ ಗಮನಿಸಬಹುದಾದ ಲಕ್ಷಣಗಳೂ ಇವೆ: 4 ತಿಂಗಳಾದರೂ ಮುಷ್ಟಿ ಬಿಗಿಯಾಗಿ ಉಳಿಯುವುದು, ಎತ್ತಿದಾಗ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುವುದು, 9 ತಿಂಗಳಿಗೂ ಆಸರೆಯಿಲ್ಲದೆ ಕೂರದಿರುವುದು, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುವುದು. ಕೊನೆಯದನ್ನು 'ಎಡಚ' ಅಥವಾ 'ಬಲಗೈ ಚುರುಕು' ಎಂದು ಮೆಚ್ಚಿ ಸುಮ್ಮನಾಗುವುದುಂಟು. ಆ ವಯಸ್ಸಿಗೆ ಎರಡೂ ಕೈ ಸಮನಾಗಿ ಆಡಬೇಕು.

ಮಗು ಕಲಿತದ್ದನ್ನು ಮರೆಯುತ್ತಾ ಹೋದರೆ ಅದು ಸೆರೆಬ್ರಲ್ ಪಾಲ್ಸಿ ಆಗಿರಲಾರದು. ಸೋದರಸಂಬಂಧದ ಮದುವೆಗಳು ರೂಢಿಯಲ್ಲಿರುವ ಉತ್ತರ ಕರ್ನಾಟಕದಲ್ಲಿ, ಇದನ್ನೇ ಹೋಲುವ ಆನುವಂಶಿಕ ಕಾಯಿಲೆಗಳನ್ನು ವೈದ್ಯರು ಬೇರ್ಪಡಿಸಿ ನೋಡಬೇಕಾಗುತ್ತದೆ.

ಚಿಕಿತ್ಸೆ

ನಾಶವಾದ ತಂತುಗಳನ್ನು ಮರಳಿ ಬೆಳೆಸುವ ಔಷಧವಿಲ್ಲ. ಎಣ್ಣೆ ತಿಕ್ಕಿ ಕೈಕಾಲು ನೀವುವುದರಿಂದ ಮಗುವಿಗೆ ಹಿತವಾಗಬಹುದೇ ಹೊರತು ನರಮಾರ್ಗ ಕಟ್ಟುವುದಿಲ್ಲ. ಮಗು ತಾನಾಗಿ ಪ್ರಯತ್ನಿಸಿದ ಚಲನೆಯೇ ಮಾರ್ಗವನ್ನು ಬಲಪಡಿಸುತ್ತದೆ. ಒಂದು ಬದಿಯ ತೊಂದರೆಯಿದ್ದರೆ ಚುರುಕಾದ ಕೈಗೆ ದಿನದ ಸ್ವಲ್ಪ ಹೊತ್ತು ಚೀಲ ತೊಡಿಸಿ ದುರ್ಬಲ ಕೈಯಿಂದ ಆಡಿಸುವ ಪದ್ಧತಿ ಫಲಕಾರಿಯಾಗಿದೆ. ಎಳೆಯ ಶಿಶುವಿನಲ್ಲಿ ಇದನ್ನು ಅತಿ ಮಾಡಿದರೆ ಒಳ್ಳೆಯ ಕೈಯ ಮಾರ್ಗಕ್ಕೂ ಧಕ್ಕೆಯಾದೀತೆಂಬ ಶಂಕೆಯಿರುವುದರಿಂದ ತಜ್ಞರ ಮಾರ್ಗದರ್ಶನ ಬೇಕು. ಎರಡೂ ಕೈ ಬೇಡುವ ಕೆಲಸಗಳು, ಉದಾಹರಣೆಗೆ ರೊಟ್ಟಿ ಮುರಿಯುವುದು, ಡಬ್ಬಿಯ ಮುಚ್ಚಳ ತೆಗೆಯುವುದು, ಶೇಂಗಾ ಸುಲಿಯುವುದು, ಮನೆಯಲ್ಲೇ ಸಿಗುವ ಅಭ್ಯಾಸಗಳು. ಆದರೆ ಚಿಕ್ಕ ಮಕ್ಕಳ ಬಾಯಿಗೆ ಕಾಳು ಹೋಗದಂತೆ ನೋಡಿಕೊಳ್ಳಬೇಕು. ಬೊಟುಲಿನಂ ಚುಚ್ಚುಮದ್ದು, ಬ್ಯಾಕ್ಲೊಫೆನ್ ಮೊದಲಾದವು ಬಿಗಿತವನ್ನು ಸಡಿಲಿಸುತ್ತವೆ. ಆಕರಕೋಶ ಚಿಕಿತ್ಸೆಯ ಹೆಸರಿನಲ್ಲಿ ದೊಡ್ಡ ಮೊತ್ತ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಸಂಶೋಧನಾ ಪ್ರಯೋಗದ ಹೊರಗೆ ಸೆರೆಬ್ರಲ್ ಪಾಲ್ಸಿಗೆ ಇದು ಅಂಗೀಕೃತವಲ್ಲ.

ಜಮಖಂಡಿ ಭಾಗದಲ್ಲಿ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳು ಕಬ್ಬು ಮತ್ತು ನೇಕಾರಿಕೆಯ ಸೀಮೆ. ಇಲ್ಲಿನ ಜನ ದೊಡ್ಡ ಚಿಕಿತ್ಸೆಗೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಅಥವಾ ಗಡಿಯಾಚೆಯ ಮಿರಜ, ಸಾಂಗಲಿಗಳಿಗೆ ಹೋಗುತ್ತಾರೆ. ಒಮ್ಮೆ ಹೋಗಿ ಬರುವ ಶಸ್ತ್ರಚಿಕಿತ್ಸೆಯಾದರೆ ದೂರ ಸಹ್ಯ. ಈ ಮಕ್ಕಳಿಗೆ ಬೇಕಾದದ್ದು ವರ್ಷಗಟ್ಟಲೆಯ, ಹೆಚ್ಚುಕಡಿಮೆ ನಿತ್ಯದ ಅಭ್ಯಾಸ. ಕೂಲಿ ಬಿಟ್ಟು ವಾರವಾರ ಬಸ್ಸು ಹತ್ತುವುದು ಮಗ್ಗದ ಮನೆಯವರಿಗಾಗಲಿ ಕಬ್ಬು ಕಡಿಯುವವರಿಗಾಗಲಿ ಆಗದ ಮಾತು. ಆದ್ದರಿಂದ ತಾಯಿ, ಅಜ್ಜಿಯರಿಗೆ ಅಭ್ಯಾಸಗಳನ್ನು ಕಲಿಸಿ ಕಳಿಸುವುದೇ ಇಲ್ಲಿ ಕಾರ್ಯಸಾಧ್ಯವಾದ ದಾರಿ. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದಂಥ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಹಳೆಯವಾದರೂ ಈ ಭಾಗಕ್ಕೆ ದೂರದವು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಬಾರಿ ಮಕ್ಕಳನ್ನು ಪರೀಕ್ಷಿಸಬೇಕು. ಸಂಶಯವಿದ್ದವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ನವಜಾತ ಶಿಶುವಿನ ಮನೆಗೆ ಆಶಾ ಕಾರ್ಯಕರ್ತೆ ಮೊದಲ 42 ದಿನಗಳಲ್ಲಿ ಹಲವು ಬಾರಿ ಭೇಟಿ ನೀಡುತ್ತಾರೆ. ಅವಧಿಪೂರ್ವವಾಗಿ ಹುಟ್ಟಿದ, ಹುಟ್ಟಿದ ಕೂಡಲೆ ಅಳದ, ತೀವ್ರ ಕಾಮಾಲೆಯಾದ ಮಕ್ಕಳ ಹೆಸರನ್ನು ಆಗಲೇ ಗುರುತು ಹಾಕಿಕೊಂಡರೆ ಅಂಗನವಾಡಿಯ ತಪಾಸಣೆಯವರೆಗೆ ಕಾಯಬೇಕಾಗುವುದಿಲ್ಲ.

ಸೆರೆಬ್ರಲ್ ಪಾಲ್ಸಿಯು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಮತ್ತು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎರಡರಲ್ಲೂ ಸೇರಿದೆ. ರಾಷ್ಟ್ರೀಯ ನ್ಯಾಸದ 'ನಿರಾಮಯ' ಆರೋಗ್ಯ ವಿಮೆ ನಿಯಮಿತ ಚಿಕಿತ್ಸಾ ಅಭ್ಯಾಸದ ವೆಚ್ಚವನ್ನೂ ಒಳಗೊಳ್ಳುತ್ತದೆ. ಅದಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು.