ಹರಿಹರದ ಗುಡಿ: ಪ್ರಶಸ್ತಿಯೂ ಊರಳಿವೂ

ಪ್ರತಿ ವರ್ಷವೂ ಇತಿಹಾಸದ ವಿದ್ಯಾರ್ಥಿಗಳನ್ನು ಹರಿಹರೇಶ್ವರ ದೇವಾಲಯಕ್ಕೆ ಕರೆದೊಯ್ಯುವುದು ನಮ್ಮಲ್ಲಿ ರೂಢಿಯಾಗಿದೆ. ರಂಗಮಂಟಪದ ಭುವನೇಶ್ವರಿಗಳನ್ನೂ ನುಣುಪಾದ ಕಂಬಗಳನ್ನೂ ತೋರಿಸಿ, ಬಲಭಾಗ ಶಿವನೂ ಎಡಭಾಗ ವಿಷ್ಣುವೂ ಆದ ಮೂಲಮೂರ್ತಿಯ ಅರ್ಥವನ್ನು ವಿವರಿಸಿ, ಸಂಜೆಗೆ ಹಿಂದಿರುಗುತ್ತೇವೆ. ಕಳೆದ ಸಲ ಸಾರಥಿಯ ಕಡೆಯ ವಿದ್ಯಾರ್ಥಿಯೊಬ್ಬನು ಶಾಸನದ ಕಲ್ಲಿನ ಮುಂದೆ ನಿಂತು, "ಕಟ್ಟಿಸಿದವರೆಲ್ಲ ದಂಡನಾಯಕರೇ ಆಗಿದ್ದಾರಲ್ಲ, ಸರ್. ಇವರ ದಂಡು ಹಾದುಹೋದ ಊರುಗಳ ಗತಿ ಯಾವ ಕಲ್ಲಿನಲ್ಲಿ ಬರೆದಿದೆ?" ಎಂದು ಕೇಳಿದನು. ಆಗ ನಾನು ಕೊಟ್ಟ ಉತ್ತರವು ಸಮರ್ಪಕವಾಗಿರಲಿಲ್ಲ. ಈ ಬರಹವು ಆ ಉತ್ತರದ ತಿದ್ದುಪಡಿಯೆಂದು ವಾಚಕರು ಭಾವಿಸಬಹುದು.

ವಿದ್ಯಾರ್ಥಿಯ ಮಾತು ನಿಜವೇ. ಈ ಗುಡಿಯನ್ನು ಕ್ರಿ.ಶ. 1224ರಲ್ಲಿ ಕಟ್ಟಿಸಿದ ಪೋಲಾಳ್ವನು ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದನು. 1268ರಲ್ಲಿ ಇಲ್ಲಿಗೆ ಮಹಾದ್ವಾರವನ್ನು ಸೇರಿಸಿದ ಸೋಮ ದಂಡನಾಯಕನು ಸೋಮನಾಥಪುರವನ್ನು ಸ್ಥಾಪಿಸಿದವನೇ. ಇದಕ್ಕಿಂತಲೂ ಕುತೂಹಲಕರವಾದುದು ಮುಂದಿನ ಸಂಗತಿ. 1276ರ ಸುಮಾರಿನಲ್ಲಿ ಸೇವುಣ ರಾಮಚಂದ್ರನ ಸೇನಾನಿ ಸಾಳುವ ಟಿಕ್ಕಮನು ದೋರಸಮುದ್ರದ ಮೇಲೆ ದಂಡೆತ್ತಿ ಬೆಳವಾಡಿಯವರೆಗೂ ನುಗ್ಗಿದನು. ಆ ಯುದ್ಧದ ಜಯವು ತಮ್ಮದೇ ಎಂದು ಎರಡೂ ಕಡೆಯ ಶಾಸನಗಳು ಹೇಳುತ್ತವೆ. ಮರುವರ್ಷ, 1277ರಲ್ಲಿ, ಅದೇ ಟಿಕ್ಕಮನು ಇದೇ ಹರಿಹರದಲ್ಲಿ, ದಿವಂಗತನಾದ ತನ್ನ ಅರಸು ಮಹಾದೇವನ ನೆನಪಿಗಾಗಿ ಲಕ್ಷ್ಮೀನಾರಾಯಣನಿಗೆ ಗುಡಿಯನ್ನು ಎತ್ತಿಸಿದನು. ಶತ್ರುವಿನ ಕ್ಷೇತ್ರವು ಅವನಿಗೂ ಪುಣ್ಯಕ್ಷೇತ್ರವೇ ಆಗಿತ್ತು. ನಡುವೆ ತುಳಿತಕ್ಕೆ ಸಿಕ್ಕಿದ ಹೊಲಗದ್ದೆಗಳ ಪ್ರಸ್ತಾಪವು ಯಾವ ಪ್ರಶಸ್ತಿಯಲ್ಲಿಯೂ ಇರುವುದಿಲ್ಲ. ಪ್ರಶಸ್ತಿಯನ್ನು ಬರೆದ ಕವಿಗೆ ಅದು ಬೇಕಾಗಿಯೂ ಇರಲಿಲ್ಲ.

ಮುಂದಿನ ಶತಮಾನಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ವಿಜಯನಗರದ ಪತನಾನಂತರ ತರೀಕೆರೆಯ ಪಾಳೆಯಗಾರರು ಇಲ್ಲಿ ಕೋಟೆ ಕಟ್ಟಿದರು. ಅವರಿಂದ ಊರು ಸವಣೂರಿನ ನವಾಬರಿಗೂ, ಬಿದನೂರಿನವರಿಗೂ, ಮರಾಠರಿಗೂ ಕೈಬದಲಾಗಿ 1763ರಲ್ಲಿ ಹೈದರಾಲಿಯ ವಶವಾಯಿತು. ಆಮೇಲೂ ಮರಾಠರು ಮೂರು ಬಾರಿ ಅದನ್ನು ಹಿಡಿದರು. ಸವಣೂರಿನ ಜಾಗೀರುದಾರ ಶೇರ್ ಖಾನನ ಕಾಲದಲ್ಲಿ ಗುಡಿಗೆ ಕೇಡಾಗಲಿಲ್ಲ, ಆದರೆ ಅದರ ಮಾಳಿಗೆಯ ಮೇಲೆ ನಮಾಜು ನಡೆಯುತ್ತಿತ್ತೆಂದು ರೈಸ್‌ರವರ ಮೈಸೂರು ಗೆಜೆಟಿಯರಿನಲ್ಲಿದೆ. ಇದನ್ನು ಹೇಳುವಾಗ ಕೆಲವರು ಮೊದಲರ್ಧವನ್ನೂ ಇನ್ನು ಕೆಲವರು ಉತ್ತರಾರ್ಧವನ್ನೂ ಬಿಟ್ಟುಬಿಡುವುದನ್ನು ಕೇಳಿದ್ದೇನೆ. ಅಧ್ಯಾಪಕನಾದವನು ಎರಡನ್ನೂ ಹೇಳತಕ್ಕದ್ದು. 1791ರಲ್ಲಿ ಶೃಂಗೇರಿಯ ಮಠವನ್ನು ಸುಲಿದದ್ದು ಮರಾಠರ ದಂಡು. ಅದರ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದವನು ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಅದೇ ಟಿಪ್ಪುವಿನ ದಂಡು ಕೊಡಗಿನಲ್ಲಿ ನಡೆಸಿದುದನ್ನು ಕೊಡವರು ಮರೆತಿಲ್ಲ. ಕ್ರೌರ್ಯವನ್ನು ಒಂದೇ ಮತದ, ಒಂದೇ ನಾಡಿನ ಲೆಕ್ಕಕ್ಕೆ ಬರೆಯಹೊರಟವನಿಗೆ ನಮ್ಮ ಆಕರಗಳು ಸಹಕರಿಸುವುದಿಲ್ಲ.

ಹಾಗಾದರೆ ಆ ವಿದ್ಯಾರ್ಥಿ ಕೇಳಿದ ಕಲ್ಲು ಎಲ್ಲಿದೆ? ಅದು ವೀರಗಲ್ಲು. ಕನ್ನಡ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಮಾತುಗಳುಂಟು: ತುಱುಗೋಳ್, ಊರಳಿವು, ಪೆಣ್ಬುಯ್ಯಲ್. ದನಗಳನ್ನು ಹೊಡೆದುಕೊಂಡು ಹೋದದ್ದು, ಊರನ್ನು ಹಾಳುಗೆಡವಿದ್ದು, ಹೆಂಗಸರು ಮೊರೆಯಿಟ್ಟದ್ದು. ಅರಸನ ಕವಿ ದಿಗ್ವಿಜಯವೆಂದು ಬಣ್ಣಿಸಿದ್ದನ್ನೇ ಹಳ್ಳಿಯ ಕಲ್ಲು ಊರಳಿವು ಎಂದು ಕರೆಯುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಸತ್ತವನು ಎಷ್ಟೋ ಕಡೆ ಊರಿನ ಒಬ್ಬ ಸಾಮಾನ್ಯ. ಆದರೂ ಈ ಕಲ್ಲುಗಳನ್ನು ಪೂರ್ಣಸಾಕ್ಷ್ಯವೆನ್ನಲಾಗದು. ಅವು ಕಾದಿ ಸತ್ತ ಗಂಡಸನ್ನು ಹೆಸರಿಸುತ್ತವೆ. ಮೊರೆಯಿಟ್ಟ ಹೆಂಗಸರ ಹೆಸರನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಹರಿಹರನ ಹೆಸರನ್ನೇ ಹೊತ್ತ ಇನ್ನೊಂದು ನಾಡಿನ ಕಡೆಗೆ ಇಲ್ಲಿ ನೋಡುವುದು ಅಪ್ರಸ್ತುತವಾಗಲಾರದು. ಕಾಂಬೋಜದಲ್ಲಿ ಏಳನೆಯ ಶತಮಾನದಿಂದಲೇ ಹರಿಹರಮೂರ್ತಿಗಳು ದೊರೆಯುತ್ತವೆ. ಒಂಬತ್ತನೆಯ ಶತಮಾನದ ಇಂದ್ರವರ್ಮನ ರಾಜಧಾನಿಗೆ ಹರಿಹರಾಲಯವೆಂದೇ ಹೆಸರು. 1975ರ ಏಪ್ರಿಲಿನಿಂದ 1979ರ ಜನವರಿಯವರೆಗೆ ಆ ದೇಶವನ್ನಾಳಿದ ಖ್ಮೇರ್ ರೂಜ್ ಪಕ್ಷದ ಕೈಯಲ್ಲಿ ಕೊಲೆ, ಹಸಿವು, ದುಡಿತಗಳಿಂದ ಸುಮಾರು 17 ಲಕ್ಷ ಜನ ಸತ್ತರೆಂದು ಅಂದಾಜು. ದೇವರನ್ನೊಪ್ಪದ ಆ ಆಡಳಿತವು ಅಂಕೋರ್ ವಾಟ್ ದೇವಾಲಯದ ಗೋಪುರಗಳನ್ನೇ ತನ್ನ ಬಾವುಟದ ಮೇಲೆ ಬರೆಸಿಕೊಂಡಿತ್ತು! ಪೂರ್ವಿಕರು ಅದನ್ನು ಕಟ್ಟಿದುದೇ ತನ್ನ ಜನರನ್ನು ದುಡಿಸಿ ಕೊಲ್ಲುವುದಕ್ಕೆ ಸಮರ್ಥನೆಯಾಯಿತು. ಮುಂದೆ 1986ರಿಂದ 1993ರವರೆಗೆ ನಮ್ಮ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಆ ದೇವಾಲಯದ ಜೀರ್ಣೋದ್ಧಾರದಲ್ಲಿ ದುಡಿದರು.

ಅಂಕೋರನ್ನು ನೋಡಹೋದ ಯಾತ್ರಿಕನು ಫ್ನೋಮ್ ಪೆನ್ ನಗರದ ತುವೋಲ್ ಸ್ಲೆಂಗ್ ಸೆರೆಮನೆಯನ್ನೂ ನೋಡಬಹುದು; ಅಲ್ಲಿ ಸತ್ತವರ ಭಾವಚಿತ್ರಗಳು ಗೋಡೆಯ ಮೇಲಿವೆ, ಅವರ ಮಕ್ಕಳು ಇನ್ನೂ ಬದುಕಿದ್ದಾರೆ. ನಮ್ಮ ಊರಳಿವುಗಳಿಗೆ ಏಳೆಂಟು ನೂರು ವರ್ಷಗಳಾದವು. ಅವಕ್ಕೆ ಇಂದು ಯಾರೂ ಉತ್ತರವಾದಿಗಳಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ ಗುಡಿಯ ಸೊಬಗನ್ನು ಮಾತ್ರ ತೋರಿಸಿ ವಿದ್ಯಾರ್ಥಿಗಳನ್ನು ಮನೆಗೆ ಕಳುಹಿಸುವುದೂ ಅಷ್ಟೇ ತಪ್ಪೆಂದು ನನಗೆ ತೋರುತ್ತದೆ.

ಈ ವರ್ಷ ಪ್ರವಾಸದ ಕ್ರಮವನ್ನು ಬದಲಾಯಿಸಿದ್ದೇವೆ. ಮೊದಲು ವೀರಗಲ್ಲು, ಅನಂತರ ಪೋಲಾಳ್ವನ ಶಾಸನ, ಆಮೇಲೆ ಗರ್ಭಗುಡಿ. ಪ್ರಶ್ನೆ ಕೇಳಿದ ವಿದ್ಯಾರ್ಥಿಯು ತನ್ನೂರಿನ ಸುತ್ತಲಿನ ಕಲ್ಲುಗಳ ಪಟ್ಟಿಯನ್ನು ಆರಂಭಿಸಿದ್ದಾನೆ. ಅವುಗಳಲ್ಲೊಂದನ್ನು ಹಳ್ಳದ ಬಳಿ ಬಟ್ಟೆ ಒಗೆಯಲು ಮಗುಚಿ ಹಾಕಿದ್ದರಂತೆ. ಊರವರನ್ನು ಒಪ್ಪಿಸಿ ಅದನ್ನು ಎತ್ತಿ ನಿಲ್ಲಿಸಿದ್ದಾನೆ. ಅಕ್ಷರಗಳು ಬಹಳ ಸವೆದಿವೆ, ಅಚ್ಚು ತೆಗೆಯಬೇಕಾಗಿದೆ.